ಪಟದ ಬೆನ್ನ ಮೇಲೆ ಬರೆಯದ ಎರಡು ಮೈಲಿ

ಹೋದ ವಾರ ಇಬ್ಬರು ತರುಣರು ನನ್ನನ್ನು ಹುಡುಕಿಕೊಂಡು ಕೊಪ್ಪಳದ ಮನೆಗೆ ಬಂದಿದ್ದರು. ಇಬ್ಬರ ಕೊರಳಲ್ಲೂ ಕ್ಯಾಮೆರಾ. ಒಬ್ಬನ ಕ್ಯಾಮೆರಾಕ್ಕೆ ಗೇಣುದ್ದದ ಟೆಲಿಫೋಟೋ ಲೆನ್ಸು ಬೇರೆ. ಗಂಗಾವತಿ ಕಡೆಯ ಕಲ್ಲುಗುಡ್ಡಗಳನ್ನು ದೂರದಿಂದ ತೆಗೆಯಬೇಕೆಂದು ಹೊರಟವರು. “ಅಜ್ಜಾರ, ನಿಮ್ಮ ಕಾಲದಾಗ ಇಂಥಾ ಲೆನ್ಸ್ ಇದ್ವೇನ್ರಿ?” ಎಂದು ಒಬ್ಬ ಕೇಳಿದ. ನಮ್ಮ ಕಾಲದಲ್ಲಿ ಬೆಂಕಿಯಾದರೂ ಇತ್ತೋ ಇಲ್ಲವೋ ಎಂಬ ಅನುಮಾನ ಆ ದನಿಯಲ್ಲಿತ್ತು. ಇದ್ದವು ಎಂದೆ. ಹಂಗಾದರೆ ಏನಾರ ಒಂದೆರಡು ಮಾತು ಹೇಳ್ರಿ ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಗಡಿಯಾರ ನೋಡಿಕೊಂಡ. ಬಸ್ಸಿನ ಹೊತ್ತಾಗಿತ್ತು. ಚಹಾ ಕುಡಿದು ಹೋದರು. ಅವರಿಗೆ ಹೇಳಬೇಕೆಂದಿದ್ದ ಮಾತು ಹೊಟ್ಟೆಯಲ್ಲೇ ಉಳಿದುಬಿಟ್ಟಿದೆ. ಅದನ್ನು ಹೊರಗೆ ಹಾಕಲು ಈ ಬರಹ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸಿಕ್ಕಿದ್ದರೆ ತಾನೆ ಬರೆಯುವುದು? ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಟ ತೆಗೆದೆ. ಅದರಲ್ಲಿ ಜನ ನೆನಪಿಟ್ಟುಕೊಂಡಿರುವುದು ಒಂದೇ ಒಂದನ್ನು, ಅದೂ ತಪ್ಪು ಪಟವನ್ನು. ಅದರ ಕಥೆಗೆ ಬರುವ ಮೊದಲು ಆ ಲೆನ್ಸು ನನ್ನ ಕೈಗೆ ಬಂದ ಬಗೆ ಹೇಳಬೇಕು.

ಕೊಪ್ಪಳದ ಕೋಟೆಯ ಕೆಳಗೆ ಕರೀಮಸಾಬರದೊಂದು ಪಟದ ಅಂಗಡಿ ಇತ್ತು. ಅವರೇ ನನ್ನ ಉಸ್ತಾದರು. ಮದುವೆಯಾದ ಜೋಡಿ, ಮುಂಜಿಯಾದ ವಟು, ರುಮಾಲು ಸುತ್ತಿದ ಗೌಡರು, ಎಲ್ಲರನ್ನೂ ಒಂದೇ ಕುರ್ಚಿಯ ಮೇಲೆ ಕೂಡಿಸಿ, ಉಸಿರು ಹಿಡಿಸಿ, ಪಟ ತೆಗೆದು ಅವರಿಗೆ ಬೇಸರ ಬಂದಿತ್ತು. “ಮನಷ್ಯಾರ ಮಾರಿ ನೋಡಿ ನೋಡಿ ಸಾಕಾಗೇತಿ. ಗುಡ್ಡ ಛಲೋ. ಅಲಗಾಡೂದಿಲ್ಲ, ನನ್ನ ಮೂಗು ಯಾಕ ಹಿಂಗ ಬಂತು ಅಂತ ಕೇಳೂದಿಲ್ಲ,” ಎನ್ನುತ್ತಿದ್ದರು. ಊರು ಬಿಟ್ಟು ಹೊರಟ ಯಾವನೋ ರೈಲ್ವೆ ಇಂಜಿನಿಯರನಿಂದ ಅವರು ಒಂದು ಹಿತ್ತಾಳೆಯ ಉದ್ದ ಲೆನ್ಸನ್ನು ಸಂಪಾದಿಸಿದ್ದರು. ಮೊಳಕೈಯಷ್ಟು ಉದ್ದ, ನೀರು ತುಂಬಿದ ತಂಬಿಗೆಯಷ್ಟು ಭಾರ. ಅದನ್ನು ಮರದ ಪೆಟ್ಟಿಗೆಯ ಕ್ಯಾಮೆರಾಕ್ಕೆ ಸಿಕ್ಕಿಸಿ, ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕರಿಬಟ್ಟೆ ಹೊದ್ದುಕೊಂಡು ನೋಡಿದರೆ ಹಿಂದಿನ ಗಾಜಿನ ಮೇಲೆ ದೂರದ ಗುಡ್ಡ ತಲೆಕೆಳಗಾಗಿ ಬಂದು ನಿಲ್ಲುತ್ತಿತ್ತು. ಮೊದಲ ದಿನ ನಾನು ಬಟ್ಟೆಯೊಳಗಿಂದ ಹೊರಗೇ ಬರಲಿಲ್ಲ.

ಹಳ್ಳಿಯ ಜನ ಅದನ್ನು ಫಿರಂಗಿಯೆಂದೇ ತಿಳಿದು ತೋಪು ಎಂದು ಹೆಸರಿಟ್ಟರು. ನಾವು ಮುಕ್ಕಾಲಿ ಹೂಡಿದೊಡನೆ ಆ ದಿಕ್ಕಿನಲ್ಲಿದ್ದವರು ದನ ಹೊಡೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಗಂಗಾವತಿ ತಾಲೂಕಿನ ಒಂದು ಊರಲ್ಲಿ ಪೊಲೀಸ್ ಪಾಟೀಲನೇ ಓಡಿ ಬಂದು, “ಹುಕುಂ ಐತೇನ್ರಿ ನಿಮಗ, ಗುಡ್ಡ ಹೊಡೀಲಿಕ್ಕೆ?” ಎಂದು ಕೇಳಿದ್ದ. ಗುಡ್ಡ ಹೊಡೆಯುವುದಿಲ್ಲ, ಬರೇ ನೋಡುತ್ತೇವೆ ಎಂದೆ. “ನೋಡೂದಕ್ಕ ಕಣ್ಣ ಸಾಕಲ್ಲ, ತೋಪು ಯಾಕ?” ಎಂದ. ಈಗ ಯೋಚಿಸಿದರೆ ಆ ಪಾಟೀಲ ನನ್ನ ಮುಂದಿನ ಸಾಹೇಬರೆಲ್ಲರಿಗಿಂತ ಬುದ್ಧಿವಂತ ಅನ್ನಿಸುತ್ತದೆ.

ಆ ಲೆನ್ಸಿನಿಂದ ಆದ ಫಜೀತಿ ಒಂದೆರಡಲ್ಲ. ಮೊದಲ ಬೇಸಿಗೆ ಯಲಬುರ್ಗಾ ಕಡೆ ನಡುಮಧ್ಯಾಹ್ನ ಆರು ಗಾಜಿನ ಪ್ಲೇಟು ತೆಗೆದೆ. ಬಿಸಿಲು ಜೋರಾಗಿದ್ದರೆ ಪಟ ಸ್ಪಷ್ಟ ಬರುತ್ತದೆ ಎಂಬುದು ನನ್ನ ಲೆಕ್ಕ. ತೊಳೆದು ನೋಡಿದರೆ ಆರರಲ್ಲೂ ಗುಡ್ಡ ಕುದಿಯುವ ಅಂಬಲಿ. ಎರೆಹೊಲದ ಕಾವು ಮೇಲೇಳುವಾಗ ನಡುವಿನ ಗಾಳಿಯೆಲ್ಲ ಕುಣಿಯುತ್ತದೆ, ಲೆನ್ಸು ಗುಡ್ಡದ ಜೊತೆ ಆ ಕುಣಿತವನ್ನೂ ದೊಡ್ಡದು ಮಾಡಿ ತೋರಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕುಷ್ಟಗಿಯ ಬಯಲಲ್ಲಿ ಗಾಳಿ ಬೀಸಿ ಕ್ಯಾಮೆರಾ ನಡುಗಿ, ಒಂದು ಗುಡ್ಡ ಎರಡಾಗಿ ಬಂತು. ಆಮೇಲೆ ಮುಕ್ಕಾಲಿಯ ನಡುವೆ ಚೀಲ ಕಟ್ಟಿ ಅದರಲ್ಲಿ ಕಲ್ಲು ತುಂಬುವುದನ್ನು ಕಲಿತೆ. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರ ಇಲ್ಲವಲ್ಲ. ಮುಂಗಾರು ಒಂದೆರಡು ಸಲ ಹೊಡೆದು ಧೂಳು ಅಡಗಿದ ಮೇಲೆ, ಬೆಳಗಿನ ಹೊತ್ತು, ಲೆನ್ಸಿನ ಮುಂದೆ ಹಳದಿ ಗಾಜು ಹಿಡಿದು ತೆಗೆಯಬೇಕು. ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಎರಡು ಸಾಲಿನಲ್ಲಿ ಸಿಕ್ಕಿತು, ಇಟ್ಟುಕೊಳ್ಳಿ.

ಉಸ್ತಾದರು ಇವು ಯಾವುದಕ್ಕೂ ಬೈಯಲಿಲ್ಲ. ಒಂದಕ್ಕೆ ಮಾತ್ರ ಬೈಯುತ್ತಿದ್ದರು. ಅವರದೊಂದು ರೂಢಿ ಇತ್ತು. ಪಟ ಒಣಗಿದ ಕೂಡಲೇ ತಿರುವಿ ಹಾಕಿ, ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಮೂರು ಸಾಲು ಬರೆಯುವುದು. ಎಲ್ಲಿ ನಿಂತು ತೆಗೆದದ್ದು, ಎಷ್ಟು ಹೊತ್ತಿಗೆ ತೆಗೆದದ್ದು, ಪಟದಲ್ಲಿ ಕಾಣುವ ಒಂದೊಂದು ವಸ್ತುವೂ ಎಷ್ಟು ದೂರ. ನನಗಿದು ಮುದುಕರ ಚಟ ಅನ್ನಿಸುತ್ತಿತ್ತು. ಗುಡ್ಡ ಕಾಣುತ್ತದಲ್ಲ, ಮತ್ತೇನು ಬರೆಯುವುದು ಎಂದು ಒಂದು ದಿನ ಕೇಳಿಯೇ ಬಿಟ್ಟೆ.

“ಬೇಟಾ, ಲೆನ್ಸ್ ಸುಳ್ಳು ಹೇಳೂದಿಲ್ಲ,” ಎಂದರು ಅವರು. “ನಾವು ನಿಂತ ಜಾಗ ಸುಳ್ಳು ಹೇಳತೈತಿ. ಭಾಳ ದೂರ ನಿಂತು ನೋಡಿದ್ರ ಹಿಂದಿಂದು ಮುಂದಿಂದು ಒಂದಕ್ಕೊಂದು ಅಂಟಿ ಕಾಣತಾವ. ಈ ಲೆನ್ಸ್ ಅಷ್ಟನ್ನ ಕತ್ತರಿಸಿ ದೊಡ್ಡದು ಮಾಡಿ ಕೊಡತೈತಿ. ಪಟ ನೋಡಾಂವಗ ನೀ ಎಲ್ಲಿ ನಿಂತಿದ್ದಿ ಅನ್ನೂದು ಕಾಣೂದಿಲ್ಲ. ಅದನ್ನ ನೀನ ಹೇಳಬೇಕು.”

ಹೌದು ಉಸ್ತಾದ್ ಎಂದು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಹುಷಾರು. ಆ ಹುಷಾರಿಗೇ ಮುಂದೆ ನನಗೊಂದು ಕಚೇರಿಯ ನೌಕರಿ ಸಿಕ್ಕಿತು.

ಆ ಕಚೇರಿ ಊರೂರಿಗೆ ಬಾವಿ ತೋಡಿಸುವ ಕೆಲಸ ನೋಡುತ್ತಿತ್ತು. ಯಾವುದು ಎಂದು ಹೆಸರು ಹೇಳುವುದಿಲ್ಲ. ನನ್ನ ಪಿಂಚಣಿ ಕಾಗದಗಳನ್ನು ಈಗ ನೋಡುತ್ತಿರುವವರು ಅಲ್ಲಿದ್ದವರ ಮಕ್ಕಳು, ಮೊಮ್ಮಕ್ಕಳು. ನಿಜಾಮರ ಆಳ್ವಿಕೆಯ ಕಾಲ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಸಾಹೇಬರು ಧಾರವಾಡದಲ್ಲಿ ಓದಿಬಂದವರು. ಬಿಳಿಯ ಪಟ್ಲೂನು, ಕಾಲಿಗೆ ಕಿರುಗುಟ್ಟುವ ಬೂಟು. ಅವರಿಗೆ ಎರಡೇ ಆಸೆ. ತಮ್ಮ ಹೆಸರು ಹೈದರಾಬಾದಿನಲ್ಲಿ ಕೇಳಿಬರಬೇಕು, ಬೂಟಿಗೆ ಧೂಳು ತಗಲಬಾರದು. ಇವೆರಡೂ ಒಟ್ಟಿಗೆ ಆಗುವಂಥ ಉಪಾಯ ಹುಡುಕುತ್ತಿದ್ದಾಗ ಉಸ್ತಾದರ ಲೆನ್ಸಿನ ಸಮೇತ ನಾನು ಅವರ ಕಣ್ಣಿಗೆ ಬಿದ್ದೆ. ಉಸ್ತಾದರಿಗೆ ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದು ಲೆನ್ಸನ್ನು ನನಗೇ ಕೊಟ್ಟಿದ್ದರು.

“ನೋಡ್ರಿ ಫೋಟೋಗ್ರಾಫರ್,” ಎಂದರು ಸಾಹೇಬರು, “ಇನ್ಮ್ಯಾಲ ಅರ್ಜಿ ಬಂದ ಊರಿಗೆಲ್ಲ ನಾ ಹೋಗಿ ನೋಡೂದು ಯಾತಕ್ಕ? ನೀವು ಹೋಗ್ರಿ. ಊರಿನ ಪಟ ತರ್ರಿ. ನಾ ಇಲ್ಲೇ ಕುಂತು ನೋಡಿ ಹುಕುಂ ಬರೀತೀನಿ. ಇದು ಹೊಸಾ ಪದ್ಧತಿ.”

ಹೊಸ ಪದ್ಧತಿ ಜಾರಿಗೆ ಬಂತು. ಸಾಹೇಬರು ಊರೂರು ಸುತ್ತುವ ದೌರೆ ನಿಂತಿತು. ಅವರ ಸವಾರಿ ಗಾಡಿಯ ಎತ್ತುಗಳು ಕಚೇರಿಯ ಬೇವಿನ ಕೆಳಗೆ ಮಲಗಿ ಕೊಬ್ಬಿದವು. ನಾನು ಮಾತ್ರ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ನಾಲ್ಕೂ ಕಡೆ ಪೆಟ್ಟಿಗೆ ಹೊರಿಸಿಕೊಂಡು ಅಲೆದೆ. ಸುಳ್ಳೇಕೆ, ಖುಷಿಯಿಂದಲೇ ಅಲೆದೆ. ಊರಿನ ಪಟ ಎಂದರೆ ಬಾವಿ ಎಲ್ಲಿದೆ, ಹಳ್ಳ ಎಲ್ಲಿದೆ ತೋರಿಸಿದರೆ ಸಾಕಿತ್ತು. ನನಗದು ಸಾಲುತ್ತಿರಲಿಲ್ಲ. ಉದ್ದ ಲೆನ್ಸಿನಲ್ಲಿ ಊರು, ಹಿಂದೆ ಗುಡ್ಡ, ಮೇಲೆ ಮೋಡ, ಹೀಗೆ ಒಂದರ ಮೇಲೊಂದು ಪೇರಿಸಿ ಚೆಂದ ಮಾಡುತ್ತಿದ್ದೆ. ಸಾಹೇಬರೂ ಅದನ್ನೇ ಹೊಗಳುತ್ತಿದ್ದರು. ಚೆಂದದವನ್ನು ಆರಿಸಿ ಹೈದರಾಬಾದಿಗೆ ಕಳಿಸಲು ಮಖಮಲ್ಲಿನ ಹೊದಿಕೆಯ ಆಲ್ಬಮ್ ಒಂದನ್ನು ಮಾಡಿಸಿದ್ದರು. ದಪ್ಪ ರಟ್ಟಿಗೆ ಅಂಟಿಸಿ ಹಾಕಬೇಕು. ರಟ್ಟಿಗೆ ಅಂಟಿದ ಪಟಕ್ಕೆ ಬೆನ್ನೆಲ್ಲಿಯದು? ಉಸ್ತಾದರ ಮೂರು ಸಾಲು ಬರೆಯುವುದನ್ನು ಬಿಟ್ಟುಬಿಟ್ಟೆ.

ಹೀಗಿರುವಾಗ ಕರಿಬಂಡಿಯ ಅರ್ಜಿ ಬಂತು. ಊರಿನ ನಿಜವಾದ ಹೆಸರು ಬೇರೆ, ಇಲ್ಲಿಗೆ ಇದು ಸಾಕು. ಅರ್ಜಿಯ ಕೆಳಗೆ ಊರ ಗೌಡನ ಸಹಿಗಿಂತ ಮೇಲೆ ಒಂದು ಹೆಬ್ಬೆಟ್ಟಿನ ಗುರುತಿತ್ತು. ಅದು ಸಂಗವ್ವನದು. ಗಂಡ ಸತ್ತು ಒಬ್ಬನೇ ಮಗನನ್ನು ಸಾಕಿದ ಹೆಂಗಸು. ಊರಿನ ಬಾವಿಯ ನೀರು ಉಪ್ಪು, ದನವೂ ಮೂಸುವುದಿಲ್ಲ. ಕುಡಿಯುವ ನೀರಿಗೆ ಎರಡು ಮೈಲಿ ಆಚೆಯ ಹಳ್ಳಕ್ಕೇ ಹೋಗಬೇಕು, ದಿನಕ್ಕೆ ಎರಡು ಸಲ. ಆದರೆ ಸಂಗವ್ವನ ಅವಸರ ಬೇರೆಯೇ ಇತ್ತು. ನಾನು ಊರು ನೋಡಲು ಹೋದಾಗ ಅವಳೇ ಹೇಳಿದಳು.

“ಯಪ್ಪಾ, ನನಗ ಹೊತ್ತು ಹೊತ್ತು ರೂಢಿ ಆಗೇತಿ, ನಂದೇನಿಲ್ಲ. ನನ್ನ ಮಗ ನಿಂಗಪ್ಪಗ ಮೂವತ್ತು ಸಮೀಪ ಬಂತು. ಯಾರೂ ಹೆಣ್ಣು ಕೊಡವಲ್ರು. ಹುಡುಗ ಛಲೋ ಅದಾನ, ಹೊಲ ಐತಿ, ಎತ್ತು ಅದಾವ. ನೀರು ಎಲ್ಲಿಂದ ತರತೀರಿ ಅಂತ ಒಂದ ಮಾತು ಕೇಳ್ತಾರ, ಎದ್ದು ಹೋಗ್ತಾರ. ಈ ಊರಾಗ ಹನ್ನೊಂದು ಗಂಡುಹುಡುಗ್ರು ಹಂಗ ಕುಂತಾರ್ರಿ.”

ಹನ್ನೊಂದು ಮಂದಿಯನ್ನೂ ನೋಡಿದೆ. ಬೇವಿನ ಕಟ್ಟೆಯ ಮೇಲೆ ಸಾಲಾಗಿ ಕೂತು ಬೀಡಿ ಸೇದುತ್ತಿದ್ದರು. ಬಾವಿಗಾಗಿ ಗಂಡಸರು ಇಷ್ಟು ಶ್ರದ್ಧೆಯಿಂದ ಕಾದದ್ದನ್ನು ನಾನು ಬೇರೆಲ್ಲೂ ಕಾಣೆ.

ಮರುದಿನ ಬೆಳಗ್ಗೆ ಊರಿನ ಪಡುವಣ ದಿಕ್ಕಿಗೆ ಒಂದು ಮೈಲಿ ಹೋಗಿ ಮುಕ್ಕಾಲಿ ಹೂಡಿದೆ. ಅಲ್ಲೊಂದು ಬಂಡೆಗಳ ಗುಡ್ಡ. ಮೊದಲು ತುದಿಗೆ ಹತ್ತಿ ನೋಡಿದೆ. ಊರು, ಊರಾಚೆ ಬೋಳು ಎರೆಹೊಲ, ಅದರ ಕೊನೆಗೆ ಹಳ್ಳ, ಎಲ್ಲ ಬೇರೆಬೇರೆ ಬಿದ್ದುಕೊಂಡಿದ್ದವು. ಕಣ್ಣಿಗೆ ಸಪ್ಪೆ. ಇಳಿದು ಕೆಳಗಿನ ಬಂಡೆಯ ಮೇಲೆ ನಿಂತೆ. ಬೇವಿನ ಮರಗಳ ಹಿಂದೆ ಎರೆಹೊಲ ಅಡಗಿತು. ಹೊತ್ತು ಹುಟ್ಟಿದ ಬೆಳಕಿಗೆ ಹಳ್ಳದ ನೀರು ಮಾಳಿಗೆಗಳ ನೆತ್ತಿಯ ಮೇಲೇ ಬೆಳ್ಳಿಯ ಪಟ್ಟಿಯ ಹಾಗೆ ಹೊಳೆಯಿತು. ಗಾಳಿ ನಿಲ್ಲಲಿ ಎಂದು ಎಷ್ಟೋ ಹೊತ್ತು ಕಾದು, ಒಂದೇ ಪ್ಲೇಟು ತೆಗೆದೆ. ಅದಕ್ಕಿಂತ ಚೆಂದದ್ದನ್ನು ಮೊದಲೂ ತೆಗೆದಿರಲಿಲ್ಲ, ಆಮೇಲೂ ತೆಗೆಯಲಿಲ್ಲ. ಸಂಗವ್ವ ನಡೆಯುವ ಎರಡು ಮೈಲಿಯನ್ನು ನಾನೇ ಕೈಯಾರೆ ಮರದ ಹಿಂದೆ ಬಚ್ಚಿಟ್ಟು ಬಂದೆ ಎಂಬ ಕಲ್ಪನೆಯೂ ಆಗ ನನಗೆ ಇರಲಿಲ್ಲ.

ಸಾಹೇಬರು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು “ವಾಹ್” ಎಂದರು. ಹೈದರಾಬಾದಿನ ಆಲ್ಬಮ್ಮಿಗೆ ಇದೇ ಮೊದಲ ಪುಟ ಎಂದರು. ಇನ್ನೊಂದು ಪ್ರತಿಗೆ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿಸಿದರು. ಆಮೇಲೆ ನಿಧಾನಕ್ಕೆ ಕುಳಿತು ಕರಿಬಂಡಿಯ ಅರ್ಜಿಯ ಮೇಲೆ ಹುಕುಂ ಬರೆದರು. ಅರ್ಧ ಮೈಲಿಯೊಳಗೆ ಕುಡಿಯುವ ನೀರಿದ್ದರೆ ಬಾವಿ ಕೊಡುವ ಹಾಗಿಲ್ಲ ಎಂಬುದು ಕಚೇರಿಯ ನೇಮ. ಇಲ್ಲಿ ಮನೆಗಳ ಹಿತ್ತಲಿಗೇ ತುಂಬಿದ ಹಳ್ಳ ಇರುವುದು ಪಟದಿಂದ ಸಿದ್ಧವಾಗಿದೆ. ಅರ್ಜಿ ತಿರಸ್ಕರಿಸಿದೆ. ಸುಳ್ಳು ಅರ್ಜಿ ಹಾಕಿದ್ದಕ್ಕೆ ಗೌಡನಿಗೆ ತಾಕೀತು.

ನಾನು ಎದುರಿಗೇ ನಿಂತಿದ್ದೆ. “ಸಾಹೇಬ್ರ, ಹಳ್ಳ ಅಷ್ಟು ಸಮೀಪ ಇಲ್ರಿ,” ಎಂದೆ.

“ಕಾಣಸ್ತೈತಲ್ಲೋ!”

“ಕಾಣಸ್ತೈತ್ರಿ. ಆದ್ರ...”

“ಕಾಣೂದಕ್ಕ ಆದ್ರ ಯಾತರದು? ನಿಮ್ಮ ಪಟ ಸುಳ್ಳು ಅಂತೀರೇನು? ಹೈದರಾಬಾದಿಗೆ ಸುಳ್ಳು ಪಟ ಕಳಿಸೇವಿ ಅಂತ ಬರೀಲೇನು?”

ಬರೆಯಿರಿ ಎನ್ನಬೇಕಿತ್ತು. ನಾನು ತಲೆಯಾಡಿಸಿದೆ, ಅದೂ ಎರಡು ಕಡೆಗೂ ಅರ್ಥವಾಗುವ ಹಾಗೆ. ಹೈದರಾಬಾದಿನಿಂದ ಪಟವನ್ನು ಮೆಚ್ಚಿ ಕಾಗದ ಬಂದ ಮೇಲಂತೂ ಅದು ವೇದವಾಯಿತು. ಪಶ್ಚಾತ್ತಾಪಕ್ಕೆ ಇನ್ನೊಮ್ಮೆ ಹೋಗಿ ಗುಡ್ಡದ ತುದಿಯಿಂದ ಸಾದಾ ಲೆನ್ಸಿನಲ್ಲಿ ಪಟ ತೆಗೆದು ತಂದೆ. ಎರೆಹೊಲವೆಲ್ಲ ಕಾಣುತ್ತಿತ್ತು, ಹಳ್ಳ ಎಳೆಯಷ್ಟು ಸಣ್ಣ. ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಡಿದು, “ಇದು ಛಲೋ ಬಂದಿಲ್ಲ,” ಎಂದು ವಾಪಸು ಕೊಟ್ಟರು. ಚೆಂದವಿಲ್ಲದ ಸತ್ಯವನ್ನು ಸೇರಿಸಲು ಆ ಕಚೇರಿಯಲ್ಲಿ ಕಡತವೇ ಇರಲಿಲ್ಲ.

ಎಂಟು ದಿನಕ್ಕೆ ಸಂಗವ್ವ ನಡೆದುಕೊಂಡೇ ಕಚೇರಿಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಸಾಹೇಬರ ಹಿಂದೆ ತೂಗುತ್ತಿದ್ದ ಪಟವನ್ನು ಬಾಗಿಲಿನಿಂದಲೇ ಬಹಳ ಹೊತ್ತು ನೋಡಿದಳು. ಹೊರಗೆ ಬಂದು ನನ್ನನ್ನು ಕೇಳಿದಳು.

“ಅದು ನಮ್ಮ ಊರೇನ್ರಿ ಯಪ್ಪಾ?”

“ಹೌದವ್ವಾ.”

“ಭಾಳ ಚಂದ ಐತಿ ನಮ್ಮ ಊರು. ನಾನೂ ಒಮ್ಮಿ ಅಲ್ಲಿ ಹೋಗಿ ಇರಬೇಕು ಅನಸ್ತೈತಿ.” ಕೈ ಚಾಚಿ, “ನನಗೊಂದು ಕೊಡ್ರಿ, ಮನ್ಯಾಗ ಇಟಗೊಂತೀನಿ,” ಎಂದಳು.

ಆ ಮಾತು ನನಗೆ ನಾಟಿತು. ಒಂದು ಪ್ರತಿ ತೆಗೆದುಕೊಟ್ಟೆ. ರಟ್ಟು ಹಾಕಲಿಲ್ಲ. ಎಷ್ಟೋ ತಿಂಗಳಿಂದ ಮುಟ್ಟದಿದ್ದ ಪೆನ್ಸಿಲ್ ಚೂಪು ಮಾಡಿ ಬೆನ್ನ ಮೇಲೆ ಬರೆದೆ. ಊರಿಗೆ ಪಡುವಣದ ಕೆಳಬಂಡೆಯಿಂದ, ಬೆಳಗಿನ ಹೊತ್ತು. ನಿಂತಲ್ಲಿಂದ ಊರು ಒಂದು ಮೈಲಿ. ಊರಿನಿಂದ ಹಳ್ಳ ಎರಡು ಮೈಲಿ. ಕೆಳಗೆ ನನ್ನ ಸಹಿ. ಸಾಹೇಬರೆದುರು ಬಾಯಿಂದ ಬರದ ಮಾತನ್ನು ಓದು ಬಾರದ ಹೆಂಗಸಿನ ಕೈಗೆ ಬರೆದುಕೊಟ್ಟೆ. ನನ್ನ ಧೈರ್ಯ ಅಷ್ಟು ಮಟ್ಟಿನದು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಸಂಗವ್ವ ಆ ಪಟವನ್ನು ಏತಕ್ಕೆ ಒಯ್ದಳು ಎಂದು ತಿಳಿದದ್ದು ಮುಂದಿನ ಬೇಸಿಗೆಯಲ್ಲಿ.

ಒಂದು ದಿನ ಕಚೇರಿಯ ಪಡಸಾಲೆಯಲ್ಲಿ ಪ್ಲೇಟು ಒರೆಸುತ್ತ ಕುಳಿತಿದ್ದೆ. ಹಸಿರು ಬಳೆ ತೊಟ್ಟ, ಅರಿಸಿನ ಇನ್ನೂ ಆರದ ಹುಡುಗಿಯೊಬ್ಬಳು ಬಂದು ನಿಂತಳು. ಹಿಂದೆ ಸಂಗವ್ವ, ತಲೆಯ ಮೇಲಿನ ಸೆರಗನ್ನು ಎಂದಿಗಿಂತ ಮುಂದೆ ಎಳೆದುಕೊಂಡಿದ್ದಳು. ಹುಡುಗಿಯ ಕೈಯಲ್ಲಿ ನನ್ನ ಪಟ.

“ಇದನ್ನ ತಗದಾವ್ರು ನೀವೇನ್ರಿ?”

“ಹೌದವ್ವಾ, ನಾನ.”

“ನಾ ಗೌರವ್ವ. ಈ ಪಟದಾಗಿನ ಊರಿಗೆ ಲಗ್ನ ಆಗಿ ಬಂದೇನ್ರಿ,” ಎಂದಳು. “ಆ ಊರು ಎಲ್ಲೈತಿ, ನನಗ ಸ್ವಲ್ಪ ತೋರಸ್ರಿ.”

ನಾನು ಸಂಗವ್ವನ ಮುಖ ನೋಡಿದೆ. ಅವಳು ಗೋಡೆಯ ಮುಖ ನೋಡಿದಳು. “ನಾ ಒಂದೂ ಸುಳ್ಳು ಹೇಳಿಲ್ರಿ,” ಎಂದಳು ಗೋಡೆಗೇ. “ಬೀಗರು ನೀರು ಎಲ್ಲೈತಿ ಅಂದ್ರು. ನಾ ಮಾತಾಡಲಿಲ್ಲ. ಪಟ ತೋರಿಸಿದೆ, ಅಷ್ಟ. ಸರಕಾರದವ್ರು ತಗದ ಪಟ ಅಂದೆ. ಅದೂ ಖರೇನ ಅಲ್ರಿ?”

ಖರೆಯೇ. ಸಾಹೇಬರು ನಂಬಿದ್ದನ್ನು ಬೀಗರು ನಂಬಿದ್ದರು. ಸಾಹೇಬರು ನಂಬಿ ಬಾವಿ ಕೊಡಲಿಲ್ಲ, ಬೀಗರು ನಂಬಿ ಮಗಳನ್ನೇ ಕೊಟ್ಟುಬಿಟ್ಟರು. ಮೋಸ ಮಾಡಿದೆ ಎಂದು ಸಂಗವ್ವನನ್ನು ಬೈಯಲು ಯಾರಿಗೆ ಬಾಯಿದ್ದರೂ ನನಗೆ ಇರಲಿಲ್ಲ.

ಗೌರವ್ವ ಸಾಲಿಯಲ್ಲಿ ಮೂರನೆಯ ಇಯತ್ತೆ ಓದಿದವಳು. ಗಂಡನ ಮನೆಗೆ ಬಂದ ಮೊದಲ ಬೆಳಗ್ಗೆ ಕೊಡ ಹೊತ್ತು ಹಿತ್ತಲ ಬಾಗಿಲು ತೆರೆದಳಂತೆ. ಹಳ್ಳ ಇರಲಿಲ್ಲ. ಹಿಂದಿನ ಓಣಿಗಿದೆಯೇನೋ ಎಂದು ಅಲ್ಲಿ ನೋಡಿದಳಂತೆ. ಅಲ್ಲೂ ಇರಲಿಲ್ಲ. ನಡೆದು ನಡೆದು, ನೀರು ಹೊತ್ತು ಬಂದು, ಅತ್ತೆಯ ಟ್ರಂಕಿನಲ್ಲಿದ್ದ ಪಟ ತೆಗೆಸಿ ತಿರುವಿ ನೋಡಿದಳು. ಲಗ್ನಕ್ಕೆ ಮೊದಲು ಅಪ್ಪ, ಸೋದರಮಾವ, ಊರ ಹಿರಿಯರು ಎಲ್ಲರೂ ಮುಖ ನೋಡಿದ್ದರು. ಬೆನ್ನನ್ನು ಯಾರೂ ನೋಡಿರಲಿಲ್ಲ.

“ಅತ್ತಿ ಜೋಡಿ ಜಗಳ ಮಾಡಿ ಏನ್ಮಾಡ್ಲಿ? ಆಕಿನೂ ಹೊರತಾಳ, ನಾನೂ ಹೊರತೀನಿ,” ಎಂದಳು. “ಬರ್ರಿ ಒಳಗ. ಇದನ್ನ ಬರದಾವ್ರು ನೀವು. ಸಾಹೇಬ್ರ ಮುಂದ ಓದಿ ಹೇಳ್ರಿ.”

ಮೂವರೂ ಒಳಗೆ ಹೋದೆವು. ಗೌರವ್ವ ಪಟವನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಇಟ್ಟಳು. ಸಾಹೇಬರು ಓದಿದರು. ಮುಖಕ್ಕೆ ತಿರುವಿ ನೋಡಿದರು. ಹಿಂದಕ್ಕೆ ತಿರುಗಿ ಗೋಡೆಯ ಮೇಲಿನ ತಮ್ಮ ಪಟವನ್ನು ನೋಡಿದರು. ಒಂದೇ ಊರು, ಒಂದೇ ಹಳ್ಳ.

“ಬೆನ್ನ ಮ್ಯಾಲ ಯಾರರ ಏನರ ಬರೀಬಹುದು,” ಎಂದರು.

“ಬರದಾವ್ರು ಇಲ್ಲೇ ನಿಂತಾರ್ರಿ. ಕೇಳ್ರಿ,” ಎಂದಳು ಗೌರವ್ವ.

ಆ ಕೋಣೆ ನನಗಿನ್ನೂ ನೆನಪಿದೆ. ಸಾಹೇಬರ ಕಣ್ಣು, ಸಂಗವ್ವನ ಕಣ್ಣು, ಆ ಹುಡುಗಿಯ ಕಣ್ಣು ಎಲ್ಲ ನನ್ನ ಮೇಲೆ. ನೌಕರಿ ಹೋದರೆ ಮತ್ತೆ ಕುರ್ಚಿ ಹಾಕಿ ಗೌಡರ ರುಮಾಲು ಸರಿಪಡಿಸುವ ಕೆಲಸ. ನನ್ನ ಕುತ್ತಿಗೆ ರೂಢಿಯಂತೆ ಆಡಲು ಶುರು ಮಾಡಿತು. ಗೌರವ್ವ, “ಬಾಯಿ ತಗೀರಿ, ಅಣ್ಣಾರ,” ಎಂದಳು.

“ನನ್ನ ಅಕ್ಷರನ ರೀ ಸಾಹೇಬ್ರ,” ಎಂದೆ. “ಹಳ್ಳ ಎರಡು ಮೈಲಿ ದೂರ ಐತ್ರಿ. ಪಟ ಚಂದ ಆಗ್ಲಿ ಅಂತ ನಾನ ಕೆಳಗಿಳಿದು ನಿಂತಿದ್ದೆ. ಅದನ್ನ ನಿಮಗ ಬರದು ಕೊಡಲಿಲ್ಲ. ತಪ್ಪು ನಂದು.”

ಸಾಹೇಬರು ಕೆಂಪಾದರು. ತಾವು ತಪ್ಪಿರಬಹುದು ಎಂಬ ಯೋಚನೆ ಅವರಿಗೆ ಬರಲೇ ಇಲ್ಲ. ನಾವು ಮೂವರೂ ಕೂಡಿ ಆಟ ಹೂಡಿದ್ದೇವೆ ಎಂದೇ ತಿಳಿದರು. “ನಡೀರಿ, ನಾನ ಬರತೀನಿ. ಅರ್ಧ ಮೈಲಿಗಿಂತ ಒಂದು ಹೆಜ್ಜಿ ಹೆಚ್ಚಿದ್ರ ಕೇಳ್ರಿ,” ಎಂದು ಗಾಡಿ ಹೂಡಿಸಿದರು. ಕೊಬ್ಬಿದ ಎತ್ತುಗಳು ಏಳಲು ಒಪ್ಪಲಿಲ್ಲ. ಬಾಲ ತಿರುವಿ ಎಬ್ಬಿಸಬೇಕಾಯಿತು.

ಕರಿಬಂಡಿಯವರೆಗೆ ಗಾಡಿ ಹೋಯಿತು. ಊರಾಚೆ ಎರೆಹೊಲಕ್ಕೆ ರಂಟೆ ಹೊಡೆದು, ಉತ್ತ ನೆಲದಲ್ಲಿ ಮಣ್ಣಿನ ಹೆಂಟೆ ಎದ್ದಿದ್ದರಿಂದ ಗಾಡಿ ಸಾಗುವಂತಿರಲಿಲ್ಲ. ಸಾಹೇಬರು ಬೂಟಿನಲ್ಲೇ ಇಳಿದರು. ಮುಂದೆ ಕೊಡ ಹೊತ್ತ ಗೌರವ್ವ, ಹಿಂದೆ ಸಾಹೇಬರು, ಅವರ ಹಿಂದೆ ನಾನು. ಕಟ್ಟೆಯ ಮೇಲಿನ ಬ್ರಹ್ಮಚಾರಿಗಳು, ನಿಂಗಪ್ಪ ಹೋಗಿ ಈಗ ಹತ್ತು ಮಂದಿ, ಎದ್ದು ಬೀಡಿ ಆರಿಸಿ ಮೆರವಣಿಗೆಯ ಹಾಗೆ ಹಿಂಬಾಲಿಸಿದರು. ಕಾಲು ಮೈಲಿಗೆ ಸಾಹೇಬರು, “ಎಲ್ಲಿ?” ಎಂದರು. “ಹಿತ್ತಲದಾಗ ಐತಲ್ರಿ, ಬರ್ರಿ,” ಎಂದಳು ಗೌರವ್ವ. ಅರ್ಧ ಮೈಲಿಗೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. “ಇನ್ನ ಎಷ್ಟು?” ಎಂದರು. “ಮಾಳಿಗಿ ಮ್ಯಾಲಿಂದ ಕೈ ಚಾಚಿದ್ರ ಸಿಗತೈತ್ರಿ, ಪಟದಾಗ ನೋಡೀರಲ್ಲ,” ಎಂದಳು. ಅಲ್ಲಿಂದ ಮುಂದೆ ಬೂಟು ಕಿರುಗುಟ್ಟುವುದನ್ನೇ ಬಿಟ್ಟಿತು.

ಹಳ್ಳ ಮುಟ್ಟಿದಾಗ ಕಲ್ಲಿನ ಮೇಲೆ ಕುಸಿದು ಕೂತು ಬೊಗಸೆ ಬೊಗಸೆ ನೀರು ಕುಡಿದರು. ಗೌರವ್ವ ಕೊಡ ತುಂಬಿ ತಲೆಗೇರಿಸಿಕೊಳ್ಳದೆ ನನ್ನ ಮುಂದೆ ಹಿಡಿದಳು. “ಇದು ನಿಮ್ಮ ಪಾಲಿಂದು,” ಎಂದಳು. ಹೆಗಲ ಮೇಲೆ ಹೊತ್ತು ನಡೆದೆ. ಊರು ಮುಟ್ಟಿದಾಗ ಅಂಗಿ ತೊಯ್ದು ತೊಪ್ಪೆಯಾಗಿತ್ತು, ಕೊಡ ಅರ್ಧವಾಗಿತ್ತು. ಸಂಗವ್ವ ಅದರೊಳಗೆ ಇಣುಕಿ, “ಇಷ್ಟರಾಗ ರೊಟ್ಟಿ ಹಿಟ್ಟು ಕಲಸೂದಕ್ಕೂ ಸಾಲೂದಿಲ್ಲ ಯಪ್ಪಾ,” ಎಂದಳು. ನನ್ನ ಮೇಲೆ ಅವಳಿಗಿದ್ದ ಸಿಟ್ಟು ಅದೊಂದೇ ಮಾತಿನಲ್ಲಿ ತೀರಿತು.

ಬಾವಿ ಮಂಜೂರಾಯಿತು. ಹುಕುಮಿನಲ್ಲಿ ಸಾಹೇಬರು ಬರೆದದ್ದು ಹೀಗೆ. ತಾವು ಸ್ವತಃ ಸ್ಥಳಕ್ಕೆ ಹೋಗಿ, ಬಿಸಿಲು ಲೆಕ್ಕಿಸದೆ ಕಾಲ್ನಡಿಗೆಯಿಂದ ಪರಿಶೀಲಿಸಿ, ಪ್ರಜೆಗಳ ಕಷ್ಟವನ್ನು ತಾವಾಗಿಯೇ ಪತ್ತೆಮಾಡಿದ್ದು. ಹೈದರಾಬಾದಿನಿಂದ ಇದಕ್ಕೂ ಮೆಚ್ಚುಗೆಯ ಕಾಗದ ಬಂತು. ಕುರ್ಚಿಯ ಹಿಂದಿನ ಪಟ ಮಾತ್ರ ಅಲ್ಲೇ ಇತ್ತು. ಅದು ತಪ್ಪು ಎಂದು ಗೊತ್ತಾದ ಮಾತ್ರಕ್ಕೆ ಚೆಂದ ಕಡಿಮೆಯಾಗಲಿಲ್ಲವಲ್ಲ. ನನ್ನನ್ನು ಆಲ್ಬಮ್ಮಿನ ಕೆಲಸದಿಂದ ತೆಗೆದು, ಬಾವಿ ತೋಡುವ ಕೂಲಿಗಳ ಮುಖದ ಪಟ ತೆಗೆಯಲು ಹಾಕಿದರು. ಮೂರು ಅಡಿ ದೂರದಲ್ಲಿ ಕೂಡಿಸಿ ತೆಗೆಯುವುದು. ಅಷ್ಟು ಸಮೀಪದಿಂದ ಸುಳ್ಳು ಹೇಳುವುದು ಕಷ್ಟ. ಉಸ್ತಾದರಿಗೆ ಇದನ್ನೆಲ್ಲ ಹೇಳಿದೆ. ಪೊರೆ ಬಂದ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಪೆನ್ಸಿಲ್ ಐತಿಲ್ಲೋ ಕಿಸೇದಾಗ?” ಎಂದು ಕೇಳಿದರು. ಇದೆ ಎಂದು ತಡವಿ ತೋರಿಸಿದೆ. ಅಂದಿನಿಂದ ಅದು ಕಿಸೆ ಬಿಟ್ಟಿಲ್ಲ.

ಕಾಲ ಬದಲಾಯಿತು. ಗಾಜಿನ ಪ್ಲೇಟು ಹೋಗಿ ಸುರುಳಿ ಫಿಲ್ಮು ಬಂತು. ಯುದ್ಧದ ವರ್ಷಗಳಲ್ಲಿ ಅದೂ ಸಿಗದೆ ನಾವು ಕೈಕಟ್ಟಿ ಕೂತೆವು. ಲೆನ್ಸುಗಳು ಹಗುರಾದವು. ಹಿತ್ತಾಳೆಯ ತೋಪನ್ನು ಈಗ ಮೊಮ್ಮಗಳು ಬಾಗಿಲಿಗೆ ಅಡ್ಡ ಇಡುತ್ತಾಳೆ, ಗಾಳಿಗೆ ಬಡಿಯದಿರಲಿ ಎಂದು. ತರುಣರು ಟೆಲಿಫೋಟೋ ಬಗ್ಗೆ ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೆ. ಅದರಿಂದ ಗುಡ್ಡ ತೆಗೆಯಿರಿ, ಬೆಳಗಿನ ಹೊತ್ತು ತೆಗೆಯಿರಿ, ಕಲ್ಲಿನ ಚೀಲ ಕಟ್ಟಿ ತೆಗೆಯಿರಿ, ಎಷ್ಟು ಬೇಕಾದರೂ ಚೆಂದ ಮಾಡಿ. ಆದರೆ ನೀವು ಮುಚ್ಚಿಟ್ಟ ನೆಲದ ಮೇಲೆ ಯಾರೋ ನಡೆಯುತ್ತಿರುತ್ತಾರೆ. ಅದನ್ನು ಮರೆಯಬೇಡಿ.

ಆಗಿನ ಇನ್ನೊಂದು ಮಾತು ಉಳಿದಿದೆ. ಹೊಸ ಬಾವಿಗೆ ಸಿಹಿನೀರು ಬಿದ್ದ ಮೇಲೆ ಕಚೇರಿಯ ದಾಖಲೆಗೆ ಪಟ ಬೇಕೆಂದು ನನ್ನನ್ನೇ ಕರಿಬಂಡಿಗೆ ಕಳಿಸಿದರು. ಸಾಹೇಬರ ಹೆಸರಿನ ಕಲ್ಲು ಕಟ್ಟೆಗೆ ಕೂತಿತ್ತು. ಅದರ ಮೇಲೆ ಹೆಂಗಸರು ಕೊಡ ಇಳುಹುತ್ತಿದ್ದರು. ಬ್ರಹ್ಮಚಾರಿಗಳ ಕಟ್ಟೆಯಲ್ಲಿ ನಾಲ್ಕೇ ಜನ ಉಳಿದಿದ್ದರು. ಸಾದಾ ಲೆನ್ಸು ಹಾಕಿ, ಮುಕ್ಕಾಲಿ ನಿಲ್ಲಿಸಿ, ಕರಿಬಟ್ಟೆಗೆ ಕೈಹಾಕಿದ್ದೆ. ಹಗ್ಗ ಜಗ್ಗುತ್ತಿದ್ದ ಗೌರವ್ವ ಕೊಡವನ್ನು ಕಟ್ಟೆಗಿಟ್ಟು, “ನಿಲ್ರಿ ಅಣ್ಣಾರ,” ಎಂದು ಕೂಗಿದಳು. ಬಾವಿಯಿಂದ ನಾನಿದ್ದಲ್ಲಿಗೆ ಹೆಜ್ಜೆ ಎಣಿಸುತ್ತ ಬಂದಳು.

“ಹನ್ನೆರಡು ಹೆಜ್ಜಿ. ಮದಲ ಬರಕೋರಿ.”

ಬರೆದುಕೊಳ್ಳುತ್ತೇನೆ, ಪಟ ಒಣಗಿದ ಮೇಲೆ ಬೆನ್ನಿಗೆ ಬರೆಯುತ್ತೇನೆ ಎಂದು ಪೆನ್ಸಿಲ್ ತೆಗೆದು ತೋರಿಸಿದೆ.

“ಬೆನ್ನಿಗೆ ಬ್ಯಾಡ್ರಿ,” ಎಂದಳು ಗೌರವ್ವ. “ಮಾರಿ ಮ್ಯಾಲ ಬರೀರಿ. ತಿರುವಿ ನೋಡಾವ್ರು ಯಾರೂ ಇಲ್ಲ ನಿಮ್ಮ ಕಚೇರ್ಯಾಗ.”